ಹಾಲ್ಟೀರಿಯಾ ಯಾರ ಬಳಗದ್ದು? ಸಿಲಿಯೇಟ್‌ಗಳ ವಂಶವೃಕ್ಷದ ಬಗ್ಗೆ ಒಂದು ಜಗಳ

ಮಸೂರ: ಹಾಲ್ಟೀರಿಯಾವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಮರೆಯುವುದಿಲ್ಲ. ಗುಂಡಗಿನ ಪುಟ್ಟ ಸಿಲಿಯೇಟ್ (ರೋಮ ಬಡಿದು ಚಲಿಸುವ ಏಕಕೋಶಜೀವಿ), ನಿಂತಲ್ಲಿಂದ ಚಂಗನೆ ನೆಗೆದು ಕಾಣೆಯಾಗುತ್ತದೆ. ಬಾಯಿ ಸುತ್ತಲಿನ ರೋಮಪಟ್ಟಿ, ವಿಭಜನೆಯ ಹೊತ್ತಿಗೆ ಹೊಸ ಬಾಯಿ ಮೂಡುವ ಬಗೆ ಇವನ್ನೆಲ್ಲ ನೋಡಿ ಹಿಂದಿನವರು ಅದನ್ನು ಆಲಿಗೋಟ್ರಿಕ್ ಎಂಬ ಸಿಲಿಯೇಟ್ ಗುಂಪಿನ ಜೊತೆ ಇಟ್ಟಿದ್ದರು. ನೆಂಟಸ್ತಿಕೆ ಹುಡುಕಲು ಬಳಸುವ 18ಎಸ್ ಎಂಬ ರೈಬೋಸೋಮ್ ಆರ್‌ಎನ್‌ಎ ಜೀನ್ ಓದಿದ ಮೇಲೆ ಅದು ಆಕ್ಸಿಟ್ರೈಕಾದ ಪಕ್ಕಕ್ಕೆ ಹೋಯಿತು. ಆಕ್ಸಿಟ್ರೈಕಾ ಚಪ್ಪಟೆ ಮೈಯದು, ಹೊಟ್ಟೆಯಡಿಯ ರೋಮಗುಚ್ಛಗಳ ಮೇಲೆ ನಡೆದಾಡುವಂಥದ್ದು. ಒಂದೇ ಒಂದು ಜೀನಿನ ಮಾತು ಕೇಳಿ ಇಷ್ಟು ದೂರ ಕಳಿಸಬಹುದೇ? ನನಗೆ ಒಪ್ಪಿಗೆಯಿಲ್ಲ.

ಜೀವಜಾಲ: ಆ ಒಂದು ಜೀನನ್ನು ಯಾಕೆ ಆರಿಸಿಕೊಂಡರು ಅನ್ನುವುದನ್ನೂ ನೋಡಬೇಕಲ್ಲ ಸರ್. ಎಷ್ಟೋ ಸಿಲಿಯೇಟ್‌ಗಳು ಪ್ರಯೋಗಾಲಯದಲ್ಲಿ ಬೆಳೆಯುವುದೇ ಇಲ್ಲ, ಕೈಗೆ ಸಿಗುವುದು ಒಂದೆರಡು ಕೋಶ. 18ಎಸ್ ಇರುವ ಭಾಗದ ಪ್ರತಿಗಳು ಸಿಲಿಯೇಟ್‌ನ ಎರಡು ಬಗೆಯ ಕೋಶಕೇಂದ್ರಗಳಲ್ಲಿ ದೊಡ್ಡದರಲ್ಲಿ ರಾಶಿ ರಾಶಿ ಇರುತ್ತವೆ. ಟೆಟ್ರಾಹೈಮೀನಾ ಎಂಬ ಸಿಲಿಯೇಟ್‌ನಲ್ಲೇ ಸುಮಾರು 9,000. ಹಾಗಾಗಿ ಒಂದೇ ಕೋಶದಿಂದಲೂ ಓದಲು ಸಾಧ್ಯ. ಇನ್ನು ರೂಪವನ್ನಷ್ಟೇ ನಂಬಿದರೆ ಏನಾಗುತ್ತದೆ ಎನ್ನಲು ಪ್ಯಾರಮೀಸಿಯಂ ಔರೇಲಿಯಾ ಇದೆ. ಒಂದೇ ಪ್ರಭೇದ ಅಂದುಕೊಂಡಿದ್ದರು. ಯಾವುದು ಯಾವುದರ ಜೊತೆ ಕೂಡುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷಿಸಿದ ಸಾನ್‌ಬಾರ್ನ್ 1975ರಲ್ಲಿ ಅದನ್ನು 14 ಪ್ರಭೇದಗಳಾಗಿ ಒಡೆದರು. ಕಣ್ಣಿಗೆ ಅವೆಲ್ಲ ಹೆಚ್ಚುಕಡಿಮೆ ಒಂದೇ ಥರ.

ಮಸೂರ: ನೀವು ಹೊಗಳಿದ ಆ ರಾಶಿಯಲ್ಲೇ ತೊಂದರೆಯಿದೆ. ಕೆಲವು ಗುಂಪುಗಳಲ್ಲಿ ಒಂದೇ ಕೋಶದೊಳಗಿನ ಪ್ರತಿಗಳೂ ಪರಸ್ಪರ ತಾಳೆಯಾಗುವುದಿಲ್ಲ. ಮೀಸೋಡಿನಿಯಂನ 18ಎಸ್ ಅಂತೂ ಉಳಿದ ಸಿಲಿಯೇಟ್‌ಗಳಿಗಿಂತ ಎಷ್ಟು ಬದಲಾಗಿದೆಯೆಂದರೆ ಮರದಲ್ಲಿ ಅದರ ಕೊಂಬೆ ವಿಪರೀತ ಉದ್ದ. ಉದ್ದ ಕೊಂಬೆಗಳು ನೆಂಟಸ್ತಿಕೆ ಇಲ್ಲದಿದ್ದರೂ ಒಂದನ್ನೊಂದು ಸೆಳೆದುಕೊಳ್ಳುತ್ತವೆ. ಹಾಲ್ಟೀರಿಯಾಕ್ಕೂ ಹೀಗೇ ಏನೋ ಆಗಿರಬಾರದೇಕೆ?

ಕೊಂಬೆರೆಂಬೆ: ಆ ಅನುಮಾನ ನ್ಯಾಯವಾದದ್ದೇ. ಅದಕ್ಕೇ ಒಂದು ಜೀನ್ ಬಿಟ್ಟು ಹಲವಾರು ಪ್ರೋಟೀನ್ ಜೀನ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದರು. 2017ರಲ್ಲಿ ಬಂದ ಉತ್ತರವೂ ಅದೇ: ಹಾಲ್ಟೀರಿಯಾ ಆಕ್ಸಿಟ್ರೈಕಾದ ಬಳಗಕ್ಕೇ ಸೇರಿದ್ದು, ಆಲಿಗೋಟ್ರಿಕ್‌ಗಳ ಹೋಲಿಕೆ ಬೇರೆಯಾಗಿ ಹುಟ್ಟಿಕೊಂಡದ್ದು. ನೀರಿನ ನಡುವೆ ತೇಲಿ ಈಜುವ ಬದುಕು ಎರಡನ್ನೂ ಒಂದೇ ಆಕಾರಕ್ಕೆ ತಂದಿರಬೇಕು ಅಂತ ನನ್ನ ಅಂದಾಜು.

ಆದರೆ ಜೀನ್ ಹೆಚ್ಚಾದರೆ ಸತ್ಯ ತಾನಾಗಿ ಹೊರಬರುತ್ತದೆ ಎಂದು ಯಾರೂ ತಿಳಿಯಬೇಡಿ. ನಾನು ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ಎಡವಿದ್ದು ಕೋಡಾನ್‌ಗಳಲ್ಲಿ, ಅಂದರೆ ಪ್ರೋಟೀನಿಗೆ ಯಾವ ಅಮೈನೋ ಆಮ್ಲ ಸೇರಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳುವ ಮೂರಕ್ಷರದ ಸಂಕೇತಗಳಲ್ಲಿ. ನಮ್ಮಲ್ಲಿ ‘ನಿಲ್ಲು’ ಅನ್ನುವ ಯುಎಎ, ಯುಎಜಿ ಟೆಟ್ರಾಹೈಮೀನಾ, ಆಕ್ಸಿಟ್ರೈಕಾಗಳಲ್ಲಿ ಗ್ಲುಟಮಿನ್. ಯೂಪ್ಲೋಟಿಸ್‌ನಲ್ಲಿ ಯುಜಿಎ ಸಿಸ್ಟೀನ್. ಮಾಮೂಲಿ ಪಟ್ಟಿ ಹಿಡಿದು ಅನುವಾದಿಸಿದ್ದಕ್ಕೆ ಪ್ರೋಟೀನ್‌ಗಳೆಲ್ಲ ಅರ್ಧಕ್ಕೆ ತುಂಡಾಗಿ ಬಂದಿದ್ದವು. ಇನ್ನೊಂದು ಅಪಾಯ, ಪ್ರತಿಗಳದ್ದು. ಪ್ಯಾರಮೀಸಿಯಂ ಟೆಟ್ರಾರೇಲಿಯಾದ ಇಡೀ ಜೀನೋಮ್ ಒಂದಕ್ಕಿಂತ ಹೆಚ್ಚು ಸಲ ಇಮ್ಮಡಿಯಾಗಿ ಈಗ ಸುಮಾರು 40,000 ಜೀನ್‌ಗಳಿವೆ. ಒಂದು ಪ್ರಭೇದದಿಂದ ಈ ಪ್ರತಿ, ಮತ್ತೊಂದರಿಂದ ಆ ಪ್ರತಿ ತೆಗೆದರೆ ಮರ ತೋರಿಸುವುದು ಜೀನ್ ಇಮ್ಮಡಿಯಾದ ಕಥೆಯನ್ನು, ಪ್ರಭೇದಗಳು ಕವಲೊಡೆದ ಕಥೆಯನ್ನಲ್ಲ. ಮೀಸೋಡಿನಿಯಂ ರೂಬ್ರಮ್ ಇನ್ನೂ ಕಷ್ಟ: ತಿಂದ ಪಾಚಿಯ ಕೋಶಕೇಂದ್ರವನ್ನು ಹೊಟ್ಟೆಯಲ್ಲೇ ಉಳಿಸಿಕೊಂಡು ಕೆಲಸ ಮಾಡಿಸುತ್ತದೆ. ಅದರ ಆರ್‌ಎನ್‌ಎ ಓದಿದರೆ ಪಾಚಿಯದ್ದೂ ಬೆರೆತು ಬರುತ್ತದೆ.

ಹೊಸಚಿಗುರು: ಸಿಲಿಯೇಟ್‌ಗೆ ಎರಡು ಬಗೆಯ ಕೋಶಕೇಂದ್ರ ಇರುತ್ತದಲ್ಲ, ಓದುವುದು ಯಾವುದರ ಡಿಎನ್‌ಎ?

ಕೊಂಬೆರೆಂಬೆ: ಸಾಮಾನ್ಯವಾಗಿ ದೊಡ್ಡದರದ್ದು. ದಿನದಿನದ ಕೆಲಸವೆಲ್ಲ ಅಲ್ಲೇ. ಚಿಕ್ಕದು ಮುಂದಿನ ಪೀಳಿಗೆಗೆ ಕಾದಿಟ್ಟದ್ದು. ಆಕ್ಸಿಟ್ರೈಕಾದಲ್ಲಿ ಅದರೊಳಗಿನ ಎಷ್ಟೋ ಜೀನ್‌ಗಳು ತುಂಡುತುಂಡಾಗಿ, ಹಿಂದುಮುಂದಾಗಿ ಇರುತ್ತವೆ. ಜೋಡಿಸದೆ ಓದಲಾಗದು.

ಮಸೂರ: ಸರಿ, ಹಾಲ್ಟೀರಿಯಾದ ವಿಷಯದಲ್ಲಿ ನಾನು ಸೋತೆ, ಒಪ್ಪುತ್ತೇನೆ. ಆದರೆ ರೂಪವನ್ನು ಮೂಲೆಗೆ ತಳ್ಳಬೇಡಿ. ಕೋಶ ಎರಡಾಗುವಾಗ ದೊಡ್ಡ ಕೋಶಕೇಂದ್ರ ಹೇಗೆ ಒಡೆಯುತ್ತದೆ ನೋಡಿ. ಕ್ಯಾರಿಯೋರಿಲಿಕ್ಟ್ ಎಂಬ ಸಿಲಿಯೇಟ್ ಗುಂಪಿನಲ್ಲಿ ಒಡೆಯುವುದೇ ಇಲ್ಲ. ಸ್ಟೆಂಟರ್‌ನ ಬಳಗದಲ್ಲಿ ಅದನ್ನು ಎಳೆಯುವ ಸೂಕ್ಷ್ಮನಾಳಗಳು ಹೊರಗಿರುತ್ತವೆ. ಉಳಿದ ಗುಂಪುಗಳಲ್ಲಿ ಒಳಗೆ. ಮೊದಲೆರಡು ಒಂದು ಕವಲು, ಉಳಿದವು ಇನ್ನೊಂದು ಎಂದು ಜೀನ್ ಮರವೂ ಹೇಳುತ್ತದೆ. ಕಣ್ಣು ಕಂಡದ್ದೂ ಜೀನ್ ಹೇಳಿದ್ದೂ ಕೂಡಿಬಂದ ಜಾಗ ಇದು.

ಜೀವಜಾಲ: ಇದಕ್ಕೆ ನನ್ನ ತಕರಾರಿಲ್ಲ. ನನ್ನ ಬೇಡಿಕೆ ಒಂದೇ: ಡಿಎನ್‌ಎ ತೆಗೆಯಲು ಕೋಶವನ್ನು ನಳಿಕೆಗೆ ಹಾಕುವ ಮೊದಲು ಅದರ ಚಿತ್ರ ತೆಗೆಯಿರಿ, ಅದೇ ಮಾದರಿಯ ಇನ್ನಷ್ಟು ಕೋಶಗಳಿಗೆ ರೋಮಸಾಲುಗಳು ಎದ್ದುಕಾಣುವಂತೆ ಬೆಳ್ಳಿಯ ಬಣ್ಣ ಹಾಕಿಡಿ. ದತ್ತಾಂಶಕೋಶದಲ್ಲಿ ತಪ್ಪು ಹೆಸರು ಹೊತ್ತ ಒಂದು ಅನುಕ್ರಮ ಸೇರಿದರೆ ಮುಂದೆ ಕಟ್ಟುವ ಮರಗಳಿಗೂ ಆ ತಪ್ಪು ಹೋಗುತ್ತದೆ, ಮತ್ತು ಆ ಕೋಶವನ್ನು ಮರಳಿ ನೋಡಲು ಯಾರಿಗೂ ಆಗುವುದಿಲ್ಲ.