ರಾತ್ರಿ ಪಾಳಿಯಲ್ಲಿ ಇಬ್ಬರೇ ಇದ್ದಾಗ ಸಿಪಿಆರ್: ಮಂಚದ ಮೇಲೋ, ನೆಲದ ಮೇಲೋ?

ಪ್ರಶ್ನೆ: ಶುಶ್ರೂಷಾಧಿಕಾರಿ, ಜಗಳೂರು ತಾಲ್ಲೂಕು

ನಮ್ಮ ಆರೋಗ್ಯ ಕೇಂದ್ರದಲ್ಲಿ ರಾತ್ರಿ ನಾನು ಮತ್ತು ಒಬ್ಬ ಗ್ರೂಪ್ ಡಿ ನೌಕರರು ಮಾತ್ರ ಇರುತ್ತೇವೆ; ವೈದ್ಯರು ಕರೆ ಹೋದ ಮೇಲೆ ಬರುತ್ತಾರೆ. ರೋಗಿಯ ಹೃದಯ ನಿಂತರೆ ಅವರು ಬರುವವರೆಗೆ ಸಿಪಿಆರ್ (ಎದೆ ಒತ್ತಿ, ಉಸಿರು ಕೊಡುವುದು) ನಡೆಸುವುದು ನಮ್ಮಿಬ್ಬರ ಹೊಣೆ. ಮಂಚದ ಮೇಲಿರುವುದು ಮೆತ್ತನೆಯ ಫೋಮ್ ಹಾಸಿಗೆ. ಎದೆಯನ್ನು ಒತ್ತಿದರೆ ರೋಗಿಯ ಮೈಯೇ ಕೆಳಕ್ಕೆ ಕುಸಿಯುತ್ತದೆ. ರೋಗಿಯನ್ನು ನೆಲಕ್ಕೆ ಇಳಿಸುವುದು ಸರಿಯೇ? ಒಂದೇ ಕೈಯಲ್ಲಿ ಮಾಸ್ಕ್ ಹಿಡಿದು ಇನ್ನೊಂದು ಕೈಯಲ್ಲಿ ಆಂಬು ಬ್ಯಾಗ್ (ಉಸಿರು ತುಂಬಲು ಹಿಂಡುವ ಚೀಲ) ಒತ್ತಿದರೆ ಅಂಚಿನಿಂದ ಗಾಳಿ ಸೋರುತ್ತದೆ. ಇದಕ್ಕೆ ಏನು ಮಾಡಬೇಕು?

ಉತ್ತರ: ಶುಶ್ರೂಷಕ, ಹರಿಹರ

ನೆಲಕ್ಕೆ ಇಳಿಸಿಬಿಡಿ, ಸಿಸ್ಟರ್. ಗಟ್ಟಿ ತಳವಿಲ್ಲದೆ ಒತ್ತಿದರೆ ಶ್ರಮವೆಲ್ಲ ಹಾಸಿಗೆಗೆ ಹೋಗುತ್ತದೆ.

ಉತ್ತರ: ಅರಿವಳಿಕೆ ವೈದ್ಯ, ದಾವಣಗೆರೆ

ಮೇಲಿನ ಸಲಹೆಯನ್ನು ನಾನು ಒಪ್ಪುವುದಿಲ್ಲ. ಇಬ್ಬರೇ ಸೇರಿ ಭಾರವಾದ ದೇಹವನ್ನು ಇಳಿಸುವಷ್ಟು ಹೊತ್ತು ಎದೆ ಒತ್ತುವುದು ನಿಂತುಹೋಗುತ್ತದೆ, ನಿಮ್ಮ ಸೊಂಟಕ್ಕೂ ಪೆಟ್ಟಾಗಬಹುದು. ಒತ್ತುವ ಆಳ ಹೆಚ್ಚಿಸುವುದಕ್ಕೆಂದು ಆಸ್ಪತ್ರೆಯ ಮಂಚದಿಂದ ನೆಲಕ್ಕೆ ಇಳಿಸುವುದು ಬೇಡವೆಂದೇ ಅಂತರರಾಷ್ಟ್ರೀಯ ಪುನಶ್ಚೇತನ ಸಮಿತಿ 2020ರಲ್ಲಿ ಸೂಚಿಸಿದೆ. ದಿಂಬು ತೆಗೆಯಿರಿ, ಗಟ್ಟಿ ಹಲಗೆ ಕೈಗೆಟಕುವಲ್ಲಿದ್ದರೆ ಬೆನ್ನಿನಡಿ ಸೇರಿಸಿ, ಆದರೆ ಅದನ್ನು ಹುಡುಕಲು ಹೋಗಬೇಡಿ. ಮಂಚ ಎತ್ತರವಾಗಿದ್ದರೆ ಕಾಲ್ಮಣೆಯ ಮೇಲೆ ನಿಂತು, ಭುಜ ನೇರ ಎದೆಮೂಳೆಯ ಮೇಲೆ ಬರುವಂತೆ, ಮೊಣಕೈ ಬಾಗದಂತೆ ಒತ್ತಿ. ವಯಸ್ಕರಲ್ಲಿ ಆಳ 5ರಿಂದ 6 ಸೆಂ.ಮೀ., ವೇಗ ನಿಮಿಷಕ್ಕೆ 100ರಿಂದ 120. ಮೆತ್ತನೆಯ ಹಾಸಿಗೆಯ ಮೇಲೆ ಆ ಆಳ ಸಿಗಲು ಕೈ ಇನ್ನೂ ಕೆಳಗೆ ಹೋಗಬೇಕಾಗುತ್ತದೆ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಿ; ಹೃದಯಕ್ಕೆ ರಕ್ತ ಮರಳಿ ತುಂಬುವುದು ಆಗಲೇ.

ಗಾಳಿ ಸೋರುವುದಕ್ಕೆ ಸುಲಭ ಪರಿಹಾರವಿದೆ. ನೀವು ತಲೆಯ ಬಳಿ ನಿಂತು ಎರಡೂ ಕೈಗಳಿಂದ ಮಾಸ್ಕ್ ಹಿಡಿದು ದವಡೆಯನ್ನು ಮೇಲಕ್ಕೆತ್ತಿ; 30 ಸಲ ಒತ್ತಿದವರೇ ಆ ವಿರಾಮದಲ್ಲಿ ಬ್ಯಾಗನ್ನು ಎರಡು ಸಲ, ತಲಾ ಒಂದು ಸೆಕೆಂಡ್, ಹಿಂಡಲಿ. ಎದೆ ಮೇಲೇಳುವುದು ಕಂಡರೆ ಸಾಕು. ಗಾಬರಿಯಲ್ಲಿ ಬ್ಯಾಗ್ ಪೂರ್ತಿ ಹಿಂಡಿದರೆ ಹೊಟ್ಟೆ ಉಬ್ಬಿ ವಾಂತಿಯಾಗುತ್ತದೆ, ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತವೂ ಕಡಿಮೆಯಾಗುತ್ತದೆ. ಎರಡು ನಿಮಿಷಕ್ಕೊಮ್ಮೆ ಇಬ್ಬರೂ ಜಾಗ ಬದಲಿಸಬೇಕು. ಆದ್ದರಿಂದ ಗ್ರೂಪ್ ಡಿ ನೌಕರರಿಗೂ ಮ್ಯಾನಿಕಿನ್ (ತರಬೇತಿಯ ಗೊಂಬೆ) ಮೇಲೆ ಅಭ್ಯಾಸ ಮಾಡಿಸಿರಿ. ತರಬೇತಿಯ ಪಟ್ಟಿಯಲ್ಲಿ ಅವರ ಹೆಸರೇ ಇರುವುದಿಲ್ಲವೆಂಬುದು ನನ್ನ ಹಳೆಯ ತಕರಾರು.

ಉತ್ತರ: 108 ಆಂಬುಲೆನ್ಸ್ ತುರ್ತು ತಂತ್ರಜ್ಞ, ಹಿರಿಯೂರು

ಒಂದು ಮಾತು ಸೇರಿಸುತ್ತೇನೆ. ಹೆದ್ದಾರಿ ಬದಿಯಲ್ಲಿ ಜನರು "ಇನ್ನೂ ಉಸಿರಾಡ್ತಿದಾರೆ ಸರ್" ಎನ್ನುತ್ತಾರೆ. ಹೋಗಿ ನೋಡಿದರೆ ಬಾಯಿ ತೆರೆದು, ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಎಳೆಯುವ ಉಸಿರು ಅದು. ಅದನ್ನು ಉಸಿರಾಟವೆಂದು ಎಣಿಸಬಾರದು. ಕುತ್ತಿಗೆಯ ನಾಡಿಯನ್ನು 10 ಸೆಕೆಂಡಿಗಿಂತ ಹೆಚ್ಚು ಹುಡುಕದೆ, ಖಚಿತವಾಗಿ ಸಿಗದಿದ್ದರೆ ಒತ್ತಲು ಆರಂಭಿಸಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್. ಮಕ್ಕಳಿಗೂ 30ಕ್ಕೆ 2 ಇದೇ ಲೆಕ್ಕವೇ?

ಅರಿವಳಿಕೆ ವೈದ್ಯ, ದಾವಣಗೆರೆ

ಒಬ್ಬರೇ ಇದ್ದರೆ ಅದೇ ಲೆಕ್ಕ. ತರಬೇತಿ ಪಡೆದ ಇಬ್ಬರಿದ್ದರೆ ಮಕ್ಕಳಿಗೆ ಹಾಗೂ ಹಸುಗೂಸುಗಳಿಗೆ 15ಕ್ಕೆ 2, ಏಕೆಂದರೆ ಅವರಲ್ಲಿ ಹೃದಯ ನಿಲ್ಲುವುದು ಹೆಚ್ಚಾಗಿ ಉಸಿರಿನ ತೊಂದರೆಯಿಂದ. ಆಳ ಎದೆಯ ದಪ್ಪದ ಮೂರನೇ ಒಂದು ಭಾಗ: ಕೂಸಿಗೆ ಸುಮಾರು 4 ಸೆಂ.ಮೀ., ಮಗುವಿಗೆ 5. ಕೂಸಿನ ಎದೆಯನ್ನು ಎರಡೂ ಕೈಗಳಿಂದ ಬಳಸಿ ಹಿಡಿದು ಹೆಬ್ಬೆರಳುಗಳಿಂದ ಒತ್ತಿ. ಆಗ ತಾನೇ ಹುಟ್ಟಿದ ಶಿಶುವಿನ ಕ್ರಮ ಬೇರೆ. ಅಲ್ಲಿ ಮೂರು ಒತ್ತಿಗೆ ಒಂದು ಉಸಿರು.