ಅಪ್‌ಡೇಟ್: ತೂರಾಡುತ್ತಿದ್ದ ಆ ಹಳೇ ಸಿಂಗಲ್ ಸರಿಹೋಯ್ತು

ರೆಕಾರ್ಡ್ ಪ್ಲೇಯರಿನಲ್ಲಿ ಹಳೇ ಪಾಪ್ ಸಿಂಗಲ್ (ಬದಿಗೊಂದು ಹಾಡಿರುವ ಚಿಕ್ಕ ತಟ್ಟೆ) ಹಾಕಿದರೆ ದನಿ ಅಲೆಯ ಹಾಗೆ ಏರಿಳಿಯುತ್ತದೆ, ತಟ್ಟೆ ಸೊಟ್ಟಗಾಗಿದೆಯಾ ಅಂತ ಕೇಳಿದ್ದೆ ಅಲ್ವಾ? ನಡುವಿನ ತೂತು ನೋಡಿ ಎಂದು ಒಬ್ಬರು ಹೇಳಿದ್ದರು. ಅದೇ ನಿಜ.

1949ರಲ್ಲಿ ಆರ್‌ಸಿಎ ವಿಕ್ಟರ್ ತಂದ 7 ಇಂಚಿನ 45ರ (ನಿಮಿಷಕ್ಕೆ 45 ಸುತ್ತು ತಿರುಗುವ) ತಟ್ಟೆಗೆ ತೂತು ಸುಮಾರು ಒಂದೂವರೆ ಇಂಚು. ಆ ದೊಡ್ಡ ತೂತನ್ನು ಪ್ಲೇಯರಿನ ನಡುವಿನ ಸಣ್ಣ ಗೂಟಕ್ಕೆ ಹೊಂದಿಸುವ ನನ್ನ ಅಡಾಪ್ಟರ್ ಸವೆದು ಸಡಿಲವಾಗಿತ್ತು. ತಟ್ಟೆ ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ಸ್ವರ ತೂರಾಡುತ್ತದೆ. ಮುಳ್ಳಿನ ತೋಳು ಆಚೀಚೆ ತೂಗುವುದು ಕಣ್ಣಿಗೇ ಕಾಣುತ್ತಿತ್ತು, ನಾನೇ ಗಮನಿಸಿರಲಿಲ್ಲ! ಬೇರೆ ಅಡಾಪ್ಟರ್ ಹಾಕಿದೆ, ಹಾಡು ನೆಟ್ಟಗಾಯಿತು.

ಲೇಬಲ್ ಪಕ್ಕದ ಗೀಚು ಮ್ಯಾಟ್ರಿಕ್ಸ್ ನಂಬರಂತೆ, ಅಂದರೆ ತಟ್ಟೆಯ ಆ ಬದಿಯ ಗುರುತಿನ ಸಂಖ್ಯೆ. ದೀಪಕ್ಕೆ ಓರೆ ಹಿಡಿದರೆ ಕೊನೆಯಲ್ಲಿ ‘ಬಿ’ ಕಾಣಿಸಿತು. ಇಷ್ಟು ದಿನ ಕೇಳಿದ್ದು ಬಿ ಸೈಡ್, ಅಂದರೆ ತಟ್ಟೆಯ ಹಿಂಬದಿ!

ಬಿ ಸೈಡ್ ಅಂದರೆ ಸುಮ್ನೆ ಜಾಗ ತುಂಬಿಸೋ ಹಾಡು ಅಂದುಕೊಂಡಿದ್ದೆ. ಆದರೆ ಅಮೆರಿಕದ ಗಾಯಕಿ ಗ್ಲೋರಿಯಾ ಗೇನರ್ ಅವರ ‘ಐ ವಿಲ್ ಸರ್ವೈವ್’ 1978ರಲ್ಲಿ ಬಂದದ್ದೇ ‘ಸಬ್ಸ್‌ಟಿಟ್ಯೂಟ್’ ಹಾಡಿನ ಹಿಂಬದಿಯಲ್ಲಿ. ಡಿಸ್ಕೋ ಡಿಜೆಗಳು ತಿರುಗಿಸಿ ಹಾಕಿ ಹಾಕಿ ಅದನ್ನೇ ಗೆಲ್ಲಿಸಿದರು. ಬೆನ್ನಿನ ಆಪರೇಷನ್ ಆಗಿ, ಬೆನ್ನಿಗೆ ಆಸರೆಯ ಪಟ್ಟಿ ಕಟ್ಟಿಕೊಂಡೇ ಗೇನರ್ ಅದನ್ನು ಹಾಡಿದ್ದಂತೆ.

ಈಗ ಡಬ್ಬದಲ್ಲಿರೋ ಎಲ್ಲ ತಟ್ಟೆಗಳದ್ದೂ ಬಿ ಸೈಡ್ ಮೊದಲು ಕೇಳುತ್ತಿದ್ದೇನೆ.