ರಾತ್ರಿ ಗೂಡು ಹತ್ತದ ಕೋಳಿಗಳು, ಪಕ್ಕದ ಹುರುಳಿಕಾಯಿ ಗಿಡದಲ್ಲಿ ಬಲೆ: ಎರಡೂ ಒಂದೇ ನುಸಿಯಾ?

ಜುಟ್ಟುಕೋಳಿ:
ಮರದ ಗೂಡು, ಹನ್ನೆರಡು ಹೇಂಟೆ, ಒಂದು ಹುಂಜ. ಕೆಳಗೆ ಮರದ ಹೊಟ್ಟಿನ ಲಿಟರ್ (ನೆಲದ ಹಾಸು). ಸಂಜೆಯಾದರೆ ಕೋಳಿಗಳು ಗೂಡಿಗೆ ಹೋಗಲು ಒಪ್ಪುತ್ತಿಲ್ಲ, ಹೊರಗಿನ ಕಟ್ಟೆ ಮೇಲೇ ಕೂರುತ್ತವೆ. ಜುಟ್ಟು ಬಿಳಿಚಿಕೊಂಡಿದೆ, ಮೊಟ್ಟೆ ಅರ್ಧಕ್ಕೆ ಇಳಿದಿದೆ, ಚಿಪ್ಪಿನ ಮೇಲೆ ಸಣ್ಣ ಕಂದು-ಕೆಂಪು ಚುಕ್ಕೆಗಳಿವೆ. ಮೊಟ್ಟೆ ತೆಗೆದ ಮೇಲೆ ಕೈಗೆ ತುರಿಕೆ. ಹಗಲು ಹಿಡಿದು ರೆಕ್ಕೆಯಡಿ ನೋಡಿದರೆ ಏನೂ ಕಾಣುವುದಿಲ್ಲ. ಬೇವಿನೆಣ್ಣೆ ಮೈಗೆ ಹೊಡೆದಾಯ್ತು, ಕೋಳಿ ಹೊರಳಾಡಲು ಬೂದಿ ತೊಟ್ಟಿ ಇಟ್ಟಾಯ್ತು. ಸ್ವಲ್ಪ ದಿನ ಕಮ್ಮಿಯಾಗಿ ಮತ್ತೆ ಅದೇ ಕಥೆ.

ಲಿಟರ್ ತೆಗೆದು ಹುರುಳಿಕಾಯಿ, ಬದನೆ ಸಾಲಿಗೆ ಹಾಕಿದ್ದೆ. ಈಗ ಆ ಎಲೆಗಳ ಮೇಲೆ ಬಿಳಿ ಚುಕ್ಕೆ, ಕೆಳಗೆ ತೆಳು ಬಲೆ. ಗೂಡಿನ ನುಸಿಯೇ ಗಿಡಕ್ಕೆ ಹೋಯ್ತಾ? ಎರಡಕ್ಕೂ ಒಂದೇ ಔಷಧಿ ಹೊಡೆಯಬಹುದಾ?

ಗೂಡುಗಾರ:
ನೀವು ಹೇಳಿದ ಲಕ್ಷಣಗಳೆಲ್ಲ ಕೋಳಿ ಕೆಂಪು ನುಸಿಯತ್ತ ಬೆರಳು ತೋರಿಸುತ್ತವೆ. ಆದರೂ ಔಷಧಿಗೆ ಮುಂಚೆ ಖಾತ್ರಿ ಮಾಡಿಕೊಳ್ಳಿ, ಯಾಕೆಂದರೆ ಚಿಕಿತ್ಸೆ ಯಾವುದಕ್ಕೆ ಅನ್ನುವುದು ನುಸಿಯ ಜಾತಿ ಮೇಲೆ ನಿಂತಿದೆ. ಕೆಂಪು ನುಸಿ ಕೋಳಿ ಮೇಲೆ ವಾಸ ಮಾಡುವುದಿಲ್ಲ. ಹಗಲೆಲ್ಲ ಮರದ ಸಂದಿನಲ್ಲಿದ್ದು, ಕತ್ತಲಾದ ಮೇಲೆ ಹತ್ತಿ, ರಕ್ತ ಕುಡಿದು, ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ. ಹಗಲು ರೆಕ್ಕೆಯಡಿ ಏನೂ ಸಿಗದಿರುವುದಕ್ಕೆ ಇದೇ ಕಾರಣ.

ಇವತ್ತು ರಾತ್ರಿ ಕತ್ತಲಾಗಿ ಎರಡು ಗಂಟೆ ಬಿಟ್ಟು ಟಾರ್ಚ್ ಹಿಡಿದು ಹೋಗಿ. ಬಿಳಿ ಕಾಗದವನ್ನು ಕೋಳಿ ರಾತ್ರಿ ಕೂರುವ ಅಡ್ಡಗೋಲಿನ ತಳಭಾಗಕ್ಕೆ, ಅದು ಗೋಡೆಗೆ ಸೇರುವ ತುದಿಗಳಿಗೆ ಒತ್ತಿ ಒರೆಸಿ. ರಕ್ತದ ಗೆರೆ ಬಂದರೆ ಅದೇ. ಹಗಲಿನಲ್ಲಾದರೆ ಆ ತುದಿಗಳಲ್ಲಿ ಉಪ್ಪು-ಮೆಣಸಿನಪುಡಿ ಬೆರೆಸಿ ಉದುರಿಸಿದಂಥ ಬೂದು ಪುಡಿ ಕಾಣುತ್ತದೆ: ನುಸಿಯ ಪೊರೆ, ಹಿಕ್ಕೆ, ಮೊಟ್ಟೆ. ಹಸಿದ ನುಸಿ ಬೂದು ಬಣ್ಣ, ಕುಡಿದದ್ದು ಕೆಂಪು, ಉದ್ದ ಒಂದು ಮಿಲಿಮೀಟರ್ ಒಳಗೆ.

ಜೊತೆಗೆ ಹಗಲಲ್ಲೇ ನಾಲ್ಕೈದು ಕೋಳಿಗಳ ಗುದದ್ವಾರದ ಸುತ್ತಲಿನ ಗರಿ ಬಿಡಿಸಿ ನೋಡಿ. ಗರಿ ಕಪ್ಪಗೆ ಜಿಡ್ಡಾಗಿ ನುಸಿ ಓಡಾಡುತ್ತಿದ್ದರೆ ಅದು ಮೈಮೇಲೇ ಬದುಕುವ ಬೇರೆ ಜಾತಿ, ಆಗ ಔಷಧಿ ಕೋಳಿಗೆ. ಗೋಧಿ ಬಣ್ಣದ, ಎರಡು-ಮೂರು ಮಿಲಿಮೀಟರ್ ಉದ್ದದ ಹುಳು ಸರಸರ ಓಡಿ, ಗರಿಯ ಬುಡದಲ್ಲಿ ಬಿಳಿ ಮೊಟ್ಟೆಯ ಗೊಂಚಲು ಅಂಟಿದ್ದರೆ ಹೇನು. ಕಾಲನ್ನೂ ನೋಡಿಬಿಡಿ.

ಜುಟ್ಟುಕೋಳಿ:
ಕಾಗದ ಪೂರ್ತಿ ಕೆಂಪು. ಅಡ್ಡಗೋಲಿನ ತಳದಲ್ಲಿ ಗುಂಪುಗುಂಪಾಗಿವೆ. ಗುದದ್ವಾರದ ಸುತ್ತ ಎಲ್ಲವೂ ಸ್ವಚ್ಛ. ಹುಂಜನ ಕಾಲಿನ ಪೊರೆ ಮಾತ್ರ ಎದ್ದು ಒರಟಾಗಿದೆ, ಸುಣ್ಣ ಹಚ್ಚಿದ ಹಾಗಿದೆ.

ಕಾವು:
ಗೂಡನ್ನು ಗ್ಯಾಸ್ ಟಾರ್ಚಿನಿಂದ ಸುಟ್ಟುಬಿಡಿ, ಕೋಳಿಗೆ ಹುಳು-ನುಸಿ ಕೊಲ್ಲುವ ಔಷಧಿ ಐವರ್ಮೆಕ್ಟಿನ್ ಎರಡು ಹನಿ ಕುತ್ತಿಗೆಗೆ ಬಿಡಿ. ಮುಗೀತು.

ಗೂಡುಗಾರ:
ಕಬ್ಬಿಣ, ಕಲ್ಲು, ಸಿಮೆಂಟಿನ ಗೂಡಿಗೆ ಬೆಂಕಿ ಸರಿ. ಮರದ ಗೂಡಿನಲ್ಲಿ ಮೇಲ್ಮೈ ಕರಿಯಾಗುವಷ್ಟು ಹೊತ್ತಿಗೂ ಸಂದಿನೊಳಗೆ ಬಿಸಿ ತಲುಪಿರುವುದಿಲ್ಲ, ಒಣ ಹೊಟ್ಟು ಹತ್ತಿಕೊಂಡರೆ ಗೂಡೇ ಹೋಗುತ್ತದೆ. ಐವರ್ಮೆಕ್ಟಿನ್ ಮೊಟ್ಟೆಯಲ್ಲಿ ಉಳಿಯುತ್ತದೆ. ಮೊಟ್ಟೆ ತಿನ್ನುವ ಮನೆಯಲ್ಲಿ ಪಶುವೈದ್ಯರನ್ನು ಕೇಳದೆ ಹನಿ ಲೆಕ್ಕದಲ್ಲಿ ಬಿಡುವ ಔಷಧಿಯಲ್ಲ ಅದು.

ಜುಟ್ಟುಕೋಳಿಯವರೇ, ಬೇವಿನೆಣ್ಣೆ ಯಾಕೆ ಸೋತಿತು ಅಂದರೆ ನೀವು ಹೊಡೆದದ್ದು ನುಸಿ ಇಲ್ಲದ ಜಾಗಕ್ಕೆ, ನುಸಿ ಇಲ್ಲದ ಹೊತ್ತಿನಲ್ಲಿ. ಬೂದಿ ತೊಟ್ಟಿ ಹೇನಿಗೆ ಒಳ್ಳೆಯದು, ಇರಲಿ, ಒಣಗಿದ್ದರೆ ಸಾಕು. ನೆಂದ ಬೂದಿ ಚರ್ಮ ಸುಡುತ್ತದೆ.

ಸೆಕೆಗಾಲದಲ್ಲಿ ಮೊಟ್ಟೆಯಿಂದ ಬಲಿತ ನುಸಿಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ನಾವು ಹೊಡೆಯುವ ಬಹುತೇಕ ಔಷಧಿ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಹಾಗಾಗಿ ಒಂದು ಸಲ ಹೊಡೆದು ಬಿಟ್ಟರೆ ಮುಂದಿನ ವಾರ ಹೊಸ ತಲೆಮಾರು ಸಿದ್ಧ. ಕೆಲಸ ಹೀಗೆ ಮಾಡಿ:

ಬೆಳಿಗ್ಗೆ ಬೇಗ, ಬಿಸಿಲಿರುವ ದಿನ ಶುರು ಮಾಡಿ, ಸಂಜೆಗೆ ಗೂಡು ಒಣಗಿರಬೇಕು. ಕಳಚಲು ಬರುವುದನ್ನೆಲ್ಲ ಕಳಚಿ: ಅಡ್ಡಗೋಲು, ಮೊಟ್ಟೆ ಪೆಟ್ಟಿಗೆ, ತಟ್ಟೆ. ಲಿಟರ್ ಪೂರ್ತಿ ತೆಗೆದು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಗೂಡಿನ ಪಕ್ಕ ಗುಡ್ಡೆ ಹಾಕಬೇಡಿ. ಕೀಸುವ ಪಟ್ಟಿಯಿಂದ ಸಂದುಗಳನ್ನು ಒಣಗಿರುವಾಗಲೇ ಕೆರೆದು, ಆಮೇಲೆ ನೀರು. ಕಳಚಿದ ಕೋಲುಗಳ ಮೇಲೆ ಕುದಿಯುವ ನೀರು ಸುರಿಯಿರಿ, ಎಲ್ಲ ಬದಿಗೂ, ತುದಿಗಳಿಗೆ ಎರಡೆರಡು ಸಲ. ನುಸಿ 45 ಡಿಗ್ರಿ ದಾಟಿದರೆ ಉಳಿಯುವುದಿಲ್ಲ, ಆದರೆ ಬಿಸಿ ಒಳಗೆ ತಲುಪಬೇಕು. ಗೋಡೆಗೆ ಸ್ಟೀಮ್ ಯಂತ್ರ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರನ್ನು ಸಂದುಗಳಿಗೆ ತೊಟ್ಟಿಕ್ಕುವಷ್ಟು ಹೊಡೆಯಿರಿ. ಸೋಪು ನೀರು ಒದ್ದೆಯಿರುವಷ್ಟು ಹೊತ್ತು, ತಾಗಿದ ನುಸಿಯನ್ನು ಮಾತ್ರ ಕೊಲ್ಲುತ್ತದೆ, ಒಣಗಿದ ಮೇಲೆ ಅದರಿಂದ ಏನೂ ಆಗುವುದಿಲ್ಲ.

ಪೂರ್ತಿ ಒಣಗಿದ ಮೇಲೆ ಡಯಾಟಮ್ ಮಣ್ಣಿನ (ಸೂಕ್ಷ್ಮ ಪಾಚಿಯ ಪಳೆಯುಳಿಕೆಯ ಮಣ್ಣು) ಪುಡಿ. ಇದು ವಿಷವಲ್ಲ, ನುಸಿಯ ಮೈಮೇಲಿನ ಮೇಣದ ಪದರ ಹೀರಿ ಒಣಗಿಸಿ ಕೊಲ್ಲುತ್ತದೆ. ಅದಕ್ಕೇ ತೇವವಿದ್ದರೆ ಕೆಲಸ ಮಾಡುವುದಿಲ್ಲ, ಮಳೆಗಾಲದಲ್ಲಿ ತುಂಬ ನಂಬಬೇಡಿ. ಬ್ರಷ್‌ನಿಂದ ತೆಳ್ಳಗೆ ಸಂದಿನೊಳಗೆ ತಳ್ಳಿ, ರಾಶಿ ಸುರಿದರೆ ನುಸಿ ಸುತ್ತಿ ಹೋಗುತ್ತದೆ. ಈಜುಕೊಳದ ಫಿಲ್ಟರಿಗೆ ಮಾರುವ ಪುಡಿ ಬೇಡವೇ ಬೇಡ, ಅದರ ಸ್ಫಟಿಕದಂಥ ಸಿಲಿಕಾ ಶ್ವಾಸಕೋಶಕ್ಕೆ ಅಪಾಯ. ಸರಿಯಾದ ಪುಡಿಗೂ ಮಾಸ್ಕ್ ಹಾಕಿ, ದೂಳು ಕೂರುವ ತನಕ ಕೋಳಿ ಬಿಡಬೇಡಿ.

ಇಷ್ಟನ್ನೂ ಐದರಿಂದ ಏಳು ದಿನಕ್ಕೆ ಮತ್ತೆ ಮಾಡಿ, ಇನ್ನೊಂದು ವಾರಕ್ಕೆ ಮೂರನೇ ಸಲ. ಎರಡನೇ ಸಲಕ್ಕೆ ನುಸಿ ಕಾಣದಿದ್ದರೂ ಮೂರನೆಯದನ್ನು ಬಿಡಬೇಡಿ.

ಕೊನೆಗೆ ಅಡ್ಡಗೋಲು ಮತ್ತೆ ಹಾಕುವಾಗ ಗೋಡೆಗೆ ತಾಗದ ಹಾಗೆ ಮಾಡಿ. ನಾಲ್ಕು ಕಾಲಿನ ಸ್ಟ್ಯಾಂಡ್ ಮೇಲೆ ಕೂರಿಸಿ, ಪ್ರತಿ ಕಾಲನ್ನೂ ಅಡುಗೆ ಎಣ್ಣೆ ತುಂಬಿದ ಬಟ್ಟಲಲ್ಲಿಡಿ. ದೂಳು ಬಿದ್ದು ಎಣ್ಣೆ ಗಟ್ಟಿಯಾದರೆ ನುಸಿಗೆ ಸೇತುವೆಯಾಗುತ್ತದೆ, ಬದಲಿಸುತ್ತಿರಿ. ತೊಗಟೆ ಇರುವ ಕೋಲು ಬೇಡ. ಗೋಡೆಯ ಉಳಿದ ಸಂದುಗಳಿಗೆ ಸಿಲಿಕೋನ್ ಸೀಲಂಟ್.

ಜುಟ್ಟುಕೋಳಿ:
ಎರಡು ಕೋಳಿ ತೀರಾ ಮಂಕಾಗಿವೆ. ಒಂದು ಕಾವಿಗೆ ಕೂತಿದೆ. ಅಷ್ಟು ದಿನ ಕಾಯಬಹುದಾ?

ಗೂಡುಗಾರ:
ಬೇಡ. ಕಾವಿಗೆ ಕೂತದ್ದು ರಾತ್ರಿ-ಹಗಲು ಅಲ್ಲೇ ಇರುವುದರಿಂದ ಮೊದಲು ಸಾಯುವುದು ಅದೇ, ಅದರ ಹಿಂದೆ ಮರಿಗಳು. ಮಂಕಾದ ಎರಡನ್ನೂ, ಕಾವಿಗೆ ಕೂತದ್ದನ್ನೂ ಇವತ್ತೇ, ಹಗಲಲ್ಲೇ, ಬೇರೆ ಜಾಗದ ಹೊಸ ರಟ್ಟಿನ ಪೆಟ್ಟಿಗೆಗೋ ತಂತಿ ಪಂಜರಕ್ಕೋ ಹಾಕಿ. ಹಗಲಲ್ಲಿ ಸಾಗಿಸಿದರೆ ನುಸಿ ಜೊತೆಗೆ ಹೋಗುವ ಸಂಭವ ಕಮ್ಮಿ. ಹಳೆ ಗೂಡಿನ ಹುಲ್ಲು, ತಟ್ಟೆ ಏನನ್ನೂ ಒಯ್ಯಬೇಡಿ.

ಇಷ್ಟು ಜೋರಾಗಿದ್ದರೆ ಪಶುವೈದ್ಯರ ಹತ್ತಿರ ಫ್ಲುರಾಲನರ್ ಬಗ್ಗೆ ಕೇಳಿ. ಕುಡಿಯುವ ನೀರಿನಲ್ಲಿ ಕೊಡುವ ಔಷಧಿ, ರಕ್ತ ಕುಡಿದ ನುಸಿ ಸಾಯುತ್ತದೆ. ಪ್ರಮಾಣ ಕೆಜಿ ದೇಹತೂಕಕ್ಕೆ 0.5 ಮಿಲಿಗ್ರಾಂ, ಏಳು ದಿನದ ಅಂತರದಲ್ಲಿ ಎರಡು ಸಲ. ಎಲ್ಲ ಹಕ್ಕಿ ಸೇರಿ 24 ಕೆಜಿ ಇದ್ದರೆ ಒಂದು ಸಲಕ್ಕೆ 12 ಮಿಲಿಗ್ರಾಂ. ಮಿಲಿಲೀಟರಿಗೆ 10 ಮಿಲಿಗ್ರಾಂ ಇರುವ ದ್ರಾವಣದಲ್ಲಿ ಅದು 1.2 ಮಿಲಿಲೀಟರ್. ಸೂಜಿ ಇಲ್ಲದ ಸಿರಿಂಜಿನಲ್ಲೇ ಅಳೆಯಿರಿ. ಆ ದಿನ ಬೇರೆ ನೀರು ಸಿಗಬಾರದು. ಯುರೋಪಿನಲ್ಲಿ ಇದನ್ನು ಕೊಟ್ಟ ಮೇಲೆ ಮೊಟ್ಟೆ ತಿನ್ನದೆ ಬಿಡಬೇಕಾದ ಅವಧಿ ಸೊನ್ನೆ ದಿನ, ಆದರೆ ಅನುಮತಿ ದೇಶದಿಂದ ದೇಶಕ್ಕೆ ಬೇರೆ, ನಿಮ್ಮಲ್ಲಿ ಹೇಗೆ ಅಂತ ವೈದ್ಯರೇ ಹೇಳಬೇಕು.

ಪರ್ಮೆಥ್ರಿನ್ ಕೀಟನಾಶಕ ಬಳಸುವುದಾದರೆ ಕೋಳಿಗೂಡಿಗೆ ಅಂತ ಲೇಬಲ್ ಇರುವುದು ಮಾತ್ರ. ಹಲವು ಕಡೆ ನುಸಿ ಇದಕ್ಕೆ ಒಗ್ಗಿಹೋಗಿದೆ. ಬೆಕ್ಕು, ಮೀನು, ಜೇನಿಗೆ ವಿಷ. ಹೊಲಕ್ಕೆ ಹೊಡೆಯುವ ಕೀಟನಾಶಕ ಗೂಡಿಗೆ ಬೇಡ. 2017ರಲ್ಲಿ ನೆದರ್ಲೆಂಡ್ಸ್, ಬೆಲ್ಜಿಯಂಗಳಲ್ಲಿ ಇದೇ ನುಸಿಗೆ ಹೊಡೆಯುವ ಔಷಧಿಯಲ್ಲಿ ಆಹಾರದ ಪ್ರಾಣಿಗಳಿಗೆ ನಿಷೇಧಿಸಿದ ಫಿಪ್ರೊನಿಲ್ ಕೀಟನಾಶಕ ಬೆರೆತು ಲಕ್ಷಾಂತರ ಮೊಟ್ಟೆ ವಾಪಸ್ ತೆಗೆಯಬೇಕಾಯಿತು. ಗೂಡಿನ ಗೋಡೆಗೆ ಹೊಡೆದದ್ದು ಮೊಟ್ಟೆಗೆ ಬರುವುದಿಲ್ಲ ಅನ್ನುವವರಿಗೆ ಅದೇ ಉತ್ತರ.

ಹುಂಜನದ್ದು ಕಾಲು ನುಸಿ, ಪೊರೆಯ ಕೆಳಗೆ ಕೊರೆಯುವ ಮೂರನೇ ಜಾತಿ. ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಐದು-ಹತ್ತು ನಿಮಿಷ ನೆನೆಸಿ, ಮೆತ್ತನೆ ಬ್ರಷ್‌ನಿಂದ ಉಜ್ಜಿ, ಒರೆಸಿ, ಪೆಟ್ರೋಲಿಯಂ ಜೆಲ್ಲಿಯನ್ನು ಪೊರೆಯ ಸಂದು ಮುಚ್ಚುವ ಹಾಗೆ ದಪ್ಪಗೆ ಹಚ್ಚಿ. ಎರಡು-ಮೂರು ದಿನಕ್ಕೊಮ್ಮೆ, ಮೂರು-ನಾಲ್ಕು ವಾರ. ಎದ್ದ ಪೊರೆ ಕೀಳಬೇಡಿ, ರಕ್ತ ಬರುತ್ತದೆ. ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್ ಹಚ್ಚುವ ಹಳೇ ಪದ್ಧತಿ ಚರ್ಮವನ್ನೇ ಸುಡುತ್ತದೆ. ಹೇಂಟೆಗಳ ಕಾಲಿಗೂ ಹಚ್ಚಿ, ಇದು ಮೈಗೆ ಮೈ ತಾಗಿ ಹರಡುತ್ತದೆ.

ಗಿಡದ ವಿಷಯ ಎಲೆಬೆನ್ನು ಅವರು ಹೇಳಲಿ.

ಎಲೆಬೆನ್ನು:
ಗೂಡಿನ ನುಸಿ ರಕ್ತ ಕುಡಿಯುವುದು, ಎಲೆ ಮೇಲಿರುವುದು ರಸ ಹೀರುವ ಜೇಡ ನುಸಿ. ಒಂದು ಇನ್ನೊಂದರ ಊಟ ಮಾಡುವುದಿಲ್ಲ. ಎಲೆಯನ್ನು ಬಿಳಿ ಕಾಗದದ ಮೇಲೆ ತಟ್ಟಿ ಲೆನ್ಸ್‌ನಲ್ಲಿ ನೋಡಿ, ಅರ್ಧ ಮಿಲಿಮೀಟರಿನ ಹಳದಿ-ಹಸಿರು ಮೈ, ಎರಡು ಬದಿಗೆ ಎರಡು ಕಪ್ಪು ಮಚ್ಚೆ.

ಆದರೆ ನಿಮ್ಮ ಲಿಟರ್‌ಗೂ ಇದಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಹಸಿ ಕೋಳಿಗೊಬ್ಬರದ ಸಾರಜನಕ ಎಲೆಯನ್ನು ಮೆತ್ತಗೆ, ರಸಭರಿತ ಮಾಡುತ್ತದೆ, ಅಂಥ ಎಲೆಯಲ್ಲಿ ಜೇಡ ನುಸಿ ಹೆಚ್ಚು ಮೊಟ್ಟೆ ಇಡುತ್ತದೆ. ಮೇಲೆ ಬಿಸಿಲು, ದೂಳು, ನೀರಿನ ಕೊರತೆ ಸೇರಿದರೆ ವಾರದಲ್ಲಿ ಬಲೆ. ಗೊಬ್ಬರ ಹಾಕುವುದನ್ನು ಸದ್ಯ ನಿಲ್ಲಿಸಿ.

ಗೂಡಿಗೆ ತಂದ ಪರ್ಮೆಥ್ರಿನ್ ಗಿಡಕ್ಕೆ ಹೊಡೆಯಲೇಬೇಡಿ. ಅದು ಜೇಡ ನುಸಿಯನ್ನು ತಿನ್ನುವ ಬೇಟೆ ನುಸಿ, ಗುಲಗಂಜಿ ಹುಳುಗಳನ್ನು ಕೊಂದು ಜೇಡ ನುಸಿಗೆ ದಾರಿ ಖಾಲಿ ಮಾಡಿಕೊಡುತ್ತದೆ. ಹೊಡೆದ ಎರಡು ವಾರಕ್ಕೆ ಮೊದಲಿಗಿಂತ ಜಾಸ್ತಿಯಾಯ್ತು ಅನ್ನುವ ದೂರುಗಳಲ್ಲಿ ಬಹುಪಾಲು ಇದೇ.

ಮೊದಲು ತೀರಾ ಕೆಟ್ಟ ಎಲೆ ಕಿತ್ತು ಚೀಲಕ್ಕೆ ಹಾಕಿ. ಬೆಳಿಗ್ಗೆ ಪೈಪಿನ ಜೋರು ನೀರನ್ನು ಎಲೆಯ ಹಿಂಭಾಗಕ್ಕೆ, ಎರಡು-ಮೂರು ದಿನಕ್ಕೊಮ್ಮೆ. ಎಷ್ಟೋ ಸಲ ಇಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, 1–2 ಮಿಲಿಲೀಟರ್ ದ್ರವ ಸೋಪು. ಸೋಪನ್ನು ಎಣ್ಣೆಗೆ ಬೆರೆಸಿ, ಸ್ವಲ್ಪ ಬೆಚ್ಚಗಿನ ನೀರಿನಲ್ಲಿ ಹಾಲಿನ ಬಣ್ಣ ಬರುವ ತನಕ ಕಲಕಿ, ಆಮೇಲೆ ಉಳಿದ ನೀರು. ಎಣ್ಣೆ ಮೇಲೆ ತೇಲುತ್ತಿದ್ದರೆ ಹೊಡೆಯಬೇಡಿ, ತೇಲಿದ ಎಣ್ಣೆ ಬಿದ್ದಲ್ಲಿ ಎಲೆ ಸುಡುತ್ತದೆ. ಎರಡು ಎಲೆಗೆ ಹೊಡೆದು ಒಂದು ದಿನ ನೋಡಿ. ಸಂಜೆ ಮಾತ್ರ, ಎಲೆಯ ಹಿಂಭಾಗ ನೆನೆಯುವ ಹಾಗೆ, ಐದಾರು ದಿನಕ್ಕೊಮ್ಮೆ ಮೂರು ಸಲ. ನೀರಿನಲ್ಲಿ ಕರಗುವ ಗಂಧಕ ಬಳಸುವುದಿದ್ದರೆ ಎಣ್ಣೆ ಹೊಡೆದು ಎರಡು ವಾರ ಬಿಡಬೇಕು, 32 ಡಿಗ್ರಿ ದಾಟಿದ ದಿನ ಬೇಡ, ಸೌತೆ-ಕುಂಬಳದ ಜಾತಿಯ ಬಳ್ಳಿಗಳು ಅದಕ್ಕೆ ಸುಟ್ಟುಹೋಗುತ್ತವೆ.

ಚೀಲದ ಲಿಟರ್ ಎಸೆಯಬೇಡಿ. ಗೂಡಿನಿಂದ ದೂರ, ಒಣ ಎಲೆ ಬೆರೆಸಿ, ಒಂದು ಮೀಟರ್ ಎತ್ತರದ ರಾಶಿ ಮಾಡಿ ತೇವ ಕೊಟ್ಟರೆ ಒಳಗೆ 55 ಡಿಗ್ರಿ ಮೇಲೆ ಏರುತ್ತದೆ. ಹೊರ ಅಂಚು ತಣ್ಣಗಿರುವುದರಿಂದ ಮಗುಚಿ ಹೊರಗಿನದನ್ನು ಒಳಗೆ ಹಾಕುತ್ತಿರಿ.

ಜುಟ್ಟುಕೋಳಿ:
ಮೊದಲ ಸುತ್ತು ಮುಗಿಸಿದೆ, ಮೂರು ಕೋಳಿ ಬೇರೆ ಇವೆ. ಒಂದೇ ಪ್ರಶ್ನೆ: ಇಷ್ಟೆಲ್ಲ ಬದಲು ಗೂಡನ್ನು ಎರಡು ತಿಂಗಳು ಖಾಲಿ ಬಿಟ್ಟರೆ ಹಸಿದು ಸಾಯುವುದಿಲ್ಲವಾ? ಮತ್ತೆ ನಮ್ಮ ಮೈಯಲ್ಲಿ ಉಳಿಯುತ್ತವಾ?

ಗೂಡುಗಾರ:
ಇಲ್ಲ, ಎರಡಕ್ಕೂ. ತಂಪು ಜಾಗದಲ್ಲಿ ಬಲಿತ ನುಸಿ ರಕ್ತವಿಲ್ಲದೆ ಹಲವು ತಿಂಗಳು ತಡೆಯುತ್ತದೆ. ಮನುಷ್ಯರನ್ನು ಕಚ್ಚುತ್ತದೆ, ಮೈಮೇಲೆ ನೆಲೆಸುವುದಿಲ್ಲ. ಕೆಲಸ ಮುಗಿದ ಮೇಲೆ ಸ್ನಾನ, ಬಟ್ಟೆ 60 ಡಿಗ್ರಿ ನೀರಿನಲ್ಲಿ.

ಅಡ್ಡಗೋಲಿನ ಕೆಳಗೆ ಏಣುಏಣಾದ ರಟ್ಟಿನ ಪಟ್ಟಿ ಕಟ್ಟಿ, ಎರಡು-ಮೂರು ದಿನ ಬಿಟ್ಟು ಚೀಲದೊಳಗೇ ಬಿಚ್ಚಿ ನೋಡಿ. ಮೂರನೇ ಸುತ್ತಿನ ನಂತರ ಸೆಕೆಗಾಲವಿಡೀ ವಾರಕ್ಕೊಂದು ಪಟ್ಟಿ. ನಾಲ್ಕೈದು ನುಸಿ ಕಂಡರೆ ಆ ತುದಿಗಳಿಗಷ್ಟೇ ಕುದಿನೀರು, ಪುಡಿ. ಸೂರಿನಲ್ಲಿ ಗುಬ್ಬಿ, ಪಾರಿವಾಳದ ಗೂಡಿದ್ದರೆ ಮರಿ ಹಾರಿಹೋದ ಮೇಲೆ ತೆಗೆಯಿರಿ. ಹೊಸ ಕೋಳಿ ತಂದರೆ ಮೂರು ವಾರ ಬೇರೆ ಇಡಿ, ಅದು ಬಂದ ಬುಟ್ಟಿಯನ್ನು ಗೂಡಿನ ಹತ್ತಿರ ತರಬೇಡಿ.